ಕುಂಡಿಯ ನೋವಿಗೆ ಟೊಂಕದ ಸ್ಕ್ಯಾನ್ ಯಾಕೆ? ಪಿರಿಫಾರ್ಮಿಸ್ ನೋವಿಗೆ ಚಿಕಿತ್ಸೆ ಪಡೆಯುವ ದಾರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಡಾಕ್ಟರ ಮುಂದೆ ಕೂತು "ಕುಂಡಿಯೊಳಗ ಬ್ಯಾನಿ ಐತ್ರಿ" ಎಂದು ನೇರವಾಗಿ ಹೇಳುವವರು ಕಡಿಮೆ. ಹೆಣ್ಣುಮಕ್ಕಳಂತೂ ಆ ಮಾತನ್ನೇ ಎತ್ತುವುದಿಲ್ಲ. "ಟೊಂಕ ಹಿಡದೈತ್ರಿ" ಎಂದು ಮುಗಿಸಿಬಿಡುತ್ತಾರೆ. ಅಲ್ಲಿಂದ ಮುಂದಿನದೆಲ್ಲ ಟೊಂಕದ ಲೆಕ್ಕದಲ್ಲೇ ನಡೆಯುತ್ತದೆ. ಟೊಂಕದ ಎಕ್ಸ್‌ರೇ ತೆಗೆಯುತ್ತಾರೆ, ಟೊಂಕಕ್ಕೆ ಬೆಲ್ಟ್ ಬರುತ್ತದೆ, ಟೊಂಕದ ಎಂಆರ್‌ಐನಲ್ಲಿ ಡಿಸ್ಕ್, ಅಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ, "ಸ್ವಲ್ಪ ಉಬ್ಬಿದೆ" ಎಂದು ಬರೆದು ಬರುತ್ತದೆ. ತಿಂಗಳುಗಟ್ಟಲೆ ಗುಳಿಗೆ ನುಂಗಿದರೂ ಕುಂಡಿಯ ಆಳದ ನೋವು ಇದ್ದಲ್ಲೇ ಇರುತ್ತದೆ.

ಇಂಥ ನೋವಿನಲ್ಲಿ ಒಂದು ಪಾಲು ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯುವಿನದು. ಎಲ್ಲ ಕಾಲುನೋವೂ ಅದರದೇ ಅಲ್ಲ. ಟೊಂಕದ ಡಿಸ್ಕ್‌ನಿಂದ ಬರುವ ಸಯಾಟಿಕಾವೇ, ಅಂದರೆ ಕಾಲಿಗಿಳಿಯುವ ನರದ ನೋವೇ, ಹೆಚ್ಚು. ಆದರೆ ಎರಡನ್ನೂ ಬೇರೆ ಮಾಡಿ ನೋಡುವ ಕೆಲಸ ರೋಗಿಯ ಬಾಯಿಂದ ಮತ್ತು ಡಾಕ್ಟರ ಕೈಯಿಂದ ಆಗಬೇಕು, ಫೋಟೋ ಆಮೇಲೆ. ಈ ಬರಹ ಇರುವುದು ಆ ದಾರಿಯನ್ನು ಕ್ರಮವಾಗಿ ಹೇಳುವುದಕ್ಕೆ.

ಒಳಗೆ ನಡೆಯುವುದೇನು

ಬೆನ್ನೆಲುಬಿನ ತುದಿಯಲ್ಲಿ, ಕುಂಡಿಗಳ ನಡುವೆ, ತ್ರಿಕೋನದ ಒಂದು ಎಲುಬಿದೆ. ಅದರ ಒಳಮೈಯಿಂದ ಹೊರಟು ಅಡ್ಡಲಾಗಿ ಹಾದು ತೊಡೆ ಎಲುಬಿನ ಮೇಲ್ತುದಿಗೆ, ಅಂದರೆ ಚಪ್ಪೆಯ ಪಕ್ಕದಲ್ಲಿ ಕೈಗೆ ಸಿಗುವ ಗಟ್ಟಿ ಉಬ್ಬಿಗೆ, ಅಂಟಿಕೊಳ್ಳುವುದೇ ಪಿರಿಫಾರ್ಮಿಸ್. ನಿಂತಾಗ ಕಾಲನ್ನು ಹೊರಕ್ಕೆ ತಿರುಗಿಸುವುದು, ಕೂತಾಗ ತೊಡೆಯನ್ನು ಬದಿಗೆ ಅಗಲಿಸುವುದು ಅದರ ಕೆಲಸ. ಟೊಂಕದ ಕೆಳಗಿನ ಐದು ನರಬೇರುಗಳು ಕೂಡಿ ಆಗುವ ಸಯಾಟಿಕ್ ನರ, ದೇಹದ ಅತ್ಯಂತ ದಪ್ಪ ನರ, ಈ ಸ್ನಾಯುವಿನ ಕೆಳಗಿನಿಂದ ನುಸುಳಿ ತೊಡೆಯ ಹಿಂಭಾಗಕ್ಕೆ ಇಳಿಯುತ್ತದೆ. ನೂರರಲ್ಲಿ ಸುಮಾರು 80ರಿಂದ 85 ಜನರಲ್ಲಿ ರಚನೆ ಹೀಗೇ ಇದೆ. ಉಳಿದವರಲ್ಲಿ ನರ ಎರಡಾಗಿ ಸೀಳಿ ಒಂದು ಕವಲು ಸ್ನಾಯುವಿನೊಳಗಿಂದ ಹಾಯುವುದೂ ಉಂಟು. ಹಾಗಿದ್ದ ಮಾತ್ರಕ್ಕೆ ನೋವು ಬಂದೇ ಬರುತ್ತದೆ ಎಂದೇನಿಲ್ಲ.

ಸ್ನಾಯು ಬಿಗಿದುಕೊಂಡರೆ, ಬಿದ್ದ ಪೆಟ್ಟಿಗೆ ಬಾತರೆ, ಅಥವಾ ಗಂಟೆಗಟ್ಟಲೆ ಅದರ ಮೇಲೆಯೇ ಭಾರ ಬಿದ್ದರೆ, ಪಕ್ಕದ ನರ ಕೆರಳುತ್ತದೆ. ಆಗ ಕುಂಡಿಯಲ್ಲಿ ಆಳದ ನೋವು, ತೊಡೆಯ ಹಿಂದೆ ಸೆಳೆತ, ಒಮ್ಮೊಮ್ಮೆ ಮೀನಖಂಡದವರೆಗೆ ಜುಮುಜುಮು. ಈ ಸ್ನಾಯುವಿಗೂ ಸಯಾಟಿಕಾಕ್ಕೂ ನಂಟಿದೆ ಎಂದು ಯೋಮನ್ ಎಂಬ ವೈದ್ಯರು 1928ರಲ್ಲೇ ಬರೆದಿದ್ದರು. 1947ರಲ್ಲಿ ರಾಬಿನ್ಸನ್ ಇದಕ್ಕೆ ಪಿರಿಫಾರ್ಮಿಸ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಇಷ್ಟು ಹಳೆಯ ಸಂಗತಿಯಾದರೂ ಇದನ್ನು ಖಚಿತವಾಗಿ ತೋರಿಸುವ ಒಂದೇ ಒಂದು ಪರೀಕ್ಷೆ ಇವತ್ತಿಗೂ ಇಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸುತ್ತ ಇದಕ್ಕೆ ಬರಬೇಕು.

ಎಲ್ಲಕ್ಕಿಂತ ಮೊದಲು: ಮನೆಯಲ್ಲಿ ಕೂರಬಾರದ ಲಕ್ಷಣಗಳು

ಮುಂದಿನದನ್ನು ಓದುವ ಮುಂಚೆ ಇದನ್ನು ನೋಡಿಕೊಳ್ಳಿ. ಮಲಮೂತ್ರದ ಜಾಗದ ಸುತ್ತ, ಸೈಕಲ್ ಸೀಟಿಗೆ ತಾಗುವ ಭಾಗದಲ್ಲಿ, ಸ್ಪರ್ಶ ಗೊತ್ತಾಗುತ್ತಿಲ್ಲವೇ? ಮೂತ್ರ ಕಟ್ಟಿದೆಯೇ, ಅಥವಾ ಗೊತ್ತಿಲ್ಲದೆ ಹೋಗುತ್ತಿದೆಯೇ? ಎರಡೂ ಕಾಲಿನ ಶಕ್ತಿ ಒಮ್ಮೆಲೇ ಇಳಿದಿದೆಯೇ? ಇದು ಬೆನ್ನುಹುರಿಯ ಕೆಳಗಿನ ನರಗುಚ್ಛ ಒತ್ತಿಹೋದ ಸೂಚನೆ. ರಾತ್ರಿಯಾಗಿದ್ದರೂ ಸರಿ, 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಇಲ್ಲಿ ಲೆಕ್ಕ ತಾಸುಗಳದ್ದು. ನಾಳೆ ನೋಡೋಣ ಎಂದವರಿಗೆ ಮೂತ್ರದ ಹತೋಟಿ ಮರಳಿ ಬಾರದೇ ಹೋಗಬಹುದು.

ಪಾದ ಎತ್ತಲಾಗದೆ ಚಪ್ಪಲಿ ಜಾರಿ ಬೀಳುತ್ತಿದ್ದರೆ ಅದೇ ದಿನ ತೋರಿಸಿ. ಸಂಜೆಯ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದಾಗಲೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನೆಲುಬಿನ ಕ್ಷಯವನ್ನು ಮರೆಯಬಾರದು. ನಮ್ಮಲ್ಲಿ ಅದು ಇನ್ನೂ ಇದೆ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟಾದ ವಯಸ್ಸಾದವರು ಕೂಡ ಕಾಯಬಾರದು. ನೋವಿದ್ದ ಬದಿಯಲ್ಲೇ ಒಂದೆರಡು ದಿನಕ್ಕೆ ನೀರ್ಗುಳ್ಳೆ ಎದ್ದರೆ ಅದು ಸರ್ಪಸುತ್ತು. ಅದರ ಔಷಧಿಯನ್ನು ಮೊದಲ ಮೂರು ದಿನದೊಳಗೆ ಶುರುಮಾಡಿದರೆ ಹೆಚ್ಚು ಉಪಯೋಗ.

ಎರಡನೇ ಹೆಜ್ಜೆ: ನೋವು ಎಲ್ಲಿಂದ ಎಲ್ಲಿಗೆ, ಬರೆದುಕೊಳ್ಳಿ

ಡಾಕ್ಟರ ಹತ್ತಿರ ಸಿಗುವುದು ಐದಾರು ನಿಮಿಷ. ಆ ಹೊತ್ತಿನಲ್ಲಿ ಬೇಕಾದ್ದು ನೆನಪಾಗುವುದಿಲ್ಲ. ಮನೆಯಲ್ಲೇ ಒಂದು ಹಾಳೆಯ ಮೇಲೆ ಮನುಷ್ಯನ ಬೆನ್ನಿನ ಕಡೆಯ ಚಿತ್ರ ಗೀಚಿ ನೋವಿರುವ ಜಾಗ, ಅದು ಇಳಿಯುವ ದಾರಿ, ಜೋಮು ಹಿಡಿಯುವ ಜಾಗ ಗುರುತು ಮಾಡಿ. ಬರೆಯಲು ಬಾರದವರು ಮಕ್ಕಳ ಕೈಲಿ ಮಾಡಿಸಬಹುದು. ಬಾಯಿಂದ ಹೇಳಲು ಸಂಕೋಚವಿದ್ದವರಿಗೂ ಈ ಹಾಳೆ ಅನುಕೂಲ. ಬೆರಳಿಟ್ಟು ತೋರಿಸಿದರೆ ಸಾಕು.

ಪಿರಿಫಾರ್ಮಿಸ್ ನೋವಿಗೆ ಒಂದು ಸ್ವಭಾವವಿದೆ. ಕೂತು ಹದಿನೈದು ಇಪ್ಪತ್ತು ನಿಮಿಷಕ್ಕೆ ಏರುತ್ತದೆ, ಅದರಲ್ಲೂ ಗಟ್ಟಿ ಕಟ್ಟೆಯ ಮೇಲೆ, ಚಕ್ಕಳಮಕ್ಕಳ ಹಾಕಿದಾಗ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸ್ವಲ್ಪ ಹಗುರ. ಮೆಟ್ಟಿಲು ಹತ್ತುವಾಗ, ಕುಕ್ಕರಗಾಲಲ್ಲಿ ಕೂತು ಏಳುವಾಗ, ಕಾಲ ಮೇಲೆ ಕಾಲು ಹಾಕಿದಾಗ ಚಳಕು. ಕುಂಡಿಯ ನಡುಭಾಗವನ್ನು ಹೆಬ್ಬೆರಳಿಂದ ಒತ್ತಿದರೆ "ಅದ, ಅದ ಜಾಗಾ" ಎನ್ನುವಂತೆ ನೋವು ಏಳುತ್ತದೆ. ಟೊಂಕದಲ್ಲಿ ಅಷ್ಟೇನೂ ನೋವಿರುವುದಿಲ್ಲ.

ಡಿಸ್ಕ್‌ನದು ಬೇರೆ. ಕೆಮ್ಮಿದರೆ, ಸೀನಿದರೆ, ಮುಕ್ಕಿದರೆ ಕಾಲಿಗೆ ಕರೆಂಟ್ ಹೊಡೆದಂತೆ ಇಳಿಯುತ್ತದೆ. ಮುಂದೆ ಬಗ್ಗಿದರೆ ಜಾಸ್ತಿ. ಮೊಣಕಾಲಿನ ಕೆಳಗೆ ಸ್ಪಷ್ಟ ಗೆರೆಯಂತೆ ಹೋಗುತ್ತದೆ: ಟೊಂಕದ ಐದನೇ ನರಬೇರಾದರೆ ಪಾದದ ಮೇಲ್ಭಾಗ ಮತ್ತು ಹೆಬ್ಬೆರಳಿನ ಕಡೆ, ಅದರ ಕೆಳಗಿನದಾದರೆ ಮೀನಖಂಡದ ಹಿಂದಿನಿಂದ ಕಿರುಬೆರಳಿನ ಕಡೆ. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ. ಒಂದು ಕಾಲು ಸೋತರೆ ಅದನ್ನು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.

ಇನ್ನು ಕೆಲವು ನೋವು ಈ ಎರಡಕ್ಕೂ ಸೇರಿದ್ದಲ್ಲ. ನೋವು ತೊಡೆಸಂದಿನಲ್ಲಿದ್ದು ಕಾಲು ಮಡಚಿ ಕೂರಲಾಗದಿದ್ದರೆ ಚಪ್ಪೆಯ ಕೀಲನ್ನೇ ನೋಡಿಸಬೇಕು. ಸ್ಟಿರಾಯ್ಡ್ ಬಹಳ ತಿಂದವರಲ್ಲಿ, ಹೆಚ್ಚು ಕುಡಿಯುವವರಲ್ಲಿ ಆ ಕೀಲಿನ ಎಲುಬು ರಕ್ತ ಸಿಗದೆ ಸಾಯುವುದುಂಟು. ಮೂವತ್ತರೊಳಗಿನ ಹುಡುಗರು ಬೆಳಗ್ಗೆ ಎದ್ದಾಗ ಅರ್ಧ ತಾಸಿಗೂ ಹೆಚ್ಚು ಮರಗಟ್ಟಿ, ಓಡಾಡಿದ ಮೇಲೆ ಸಡಿಲಾಗುತ್ತಿದ್ದರೆ ಅದು ಉರಿಯೂತದ ಬೆನ್ನುನೋವಿರಬಹುದು. ಅರವತ್ತು ದಾಟಿದವರು ಸ್ವಲ್ಪ ದೂರ ನಡೆದರೆ ಕಾಲು ಭಾರವಾಗಿ, ಕೂತರೆ ಅಥವಾ ಮುಂದೆ ಬಗ್ಗಿದರೆ ಹಗುರಾದರೆ ಬೆನ್ನೆಲುಬಿನ ಕಾಲುವೆ ಕಿರಿದಾಗಿದೆ ಎಂದು ಅನುಮಾನಿಸುತ್ತಾರೆ. ಎರಡೂ ಪಾದ ಉರಿಯುವುದು, ಜೋಮು ಹಿಡಿಯುವುದು ಸಕ್ಕರೆ ಕಾಯಿಲೆಯದೋ ಬಿ12 ಕೊರತೆಯದೋ ಆಗಿರಬಹುದು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ಮೂರನೇ ಹೆಜ್ಜೆ: ಯಾರ ಹತ್ತಿರ ಹೋಗುವುದು

ಮೊದಲ ಭೇಟಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ ಆದರೂ ನಡೆಯುತ್ತದೆ. ಅಪಾಯದ ಲಕ್ಷಣ ಇಲ್ಲ ಎಂದು ಅಲ್ಲಿ ಖಚಿತವಾದರೆ, ಸಕ್ಕರೆ, ಬಿಪಿ ನೋಡಿಸಿಕೊಂಡರೆ ಅರ್ಧ ಕೆಲಸ ಆಯಿತು. ಅಲ್ಲಿಯ ಚೀಟಿಯನ್ನು ಬಿಸಾಡಬೇಡಿ, ಮುಂದೆ ಬೇಕಾಗುತ್ತದೆ.

ತಜ್ಞರಿಗೆ ತೋರಿಸಬೇಕಾದಾಗ ಹೋಗಬೇಕಾದ್ದು ಎಲುಬು ಕೀಲಿನ ವಿಭಾಗಕ್ಕೆ. ಬೆಳಗಾವಿಯಲ್ಲಿ ಸರ್ಕಾರದ್ದು ಜಿಲ್ಲಾ ಆಸ್ಪತ್ರೆಯೊಂದಿಗಿರುವ ಬಿಮ್ಸ್ ವೈದ್ಯಕೀಯ ಕಾಲೇಜು, ನೆಹರೂ ನಗರದಲ್ಲಿ ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ. ಕೆಎಲ್‌ಇಗೆ ತನ್ನದೇ ಫಿಸಿಯೋಥೆರಪಿ ಕಾಲೇಜಿದೆ, ಈ ನೋವಿಗೆ ಅದು ದೊಡ್ಡ ಅನುಕೂಲ. ಬಾಗಲಕೋಟೆಯಲ್ಲಿ ನವನಗರದ ಜಿಲ್ಲಾ ಆಸ್ಪತ್ರೆ, ಬಿವಿವಿ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ, ಬಿಎಲ್‌ಡಿಇಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಅಲ್-ಅಮೀನ್ ವೈದ್ಯಕೀಯ ಕಾಲೇಜು. ಕಾಲೇಜು ಆಸ್ಪತ್ರೆಯಲ್ಲಿ ಸರದಿ ಉದ್ದ, ಕಲಿಯುವ ಹುಡುಗರು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ: ಪೂರ್ತಿ ಮಲಗಿಸಿ, ಕಾಲು ತಿರುಗಿಸಿ ನೋಡುವ ವ್ಯವಧಾನ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು.

ಅಥಣಿ, ರಾಯಬಾಗದವರು ಮಿರಜಿಗೆ, ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ ಹೋಗುವ ರೂಢಿ ಹಳೆಯದು. ಹೋಗುವುದಾದರೆ ಕರ್ನಾಟಕದ ಆರೋಗ್ಯ ಯೋಜನೆಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಿ.

ಈ ನೋವಿನಲ್ಲಿ ಬಹಳ ಮಂದಿಗೆ ಗುಣವಾಗುವುದು ಫಿಸಿಯೋಥೆರಪಿಯವರ ಕೈಯಲ್ಲಿ. ಆದರೆ ಫಿಸಿಯೋ ಎಂದರೆ ಬರೀ ಮಷಿನ್ ಹಚ್ಚಿ ಹತ್ತು ನಿಮಿಷ ಮಲಗಿಸುವುದು ಎಂದು ಎಷ್ಟೋ ಕಡೆ ಆಗಿಬಿಟ್ಟಿದೆ. ಕರೆಂಟ್ ಮಷಿನ್‌ನಿಂದ ಆ ಹೊತ್ತಿಗೆ ಹಿತವೆನಿಸಬಹುದು, ಅಷ್ಟೇ. ನಿಮ್ಮ ಕಾಲನ್ನು ಹಿಡಿದು ಪರೀಕ್ಷಿಸಿ, ವ್ಯಾಯಾಮ ಕಲಿಸಿ, ಮುಂದಿನ ಸಲ ಬಂದಾಗ ಮಾಡಿ ತೋರಿಸಿ ಎನ್ನುವವರನ್ನು ಹುಡುಕಿ.

ನಾಲ್ಕನೇ ಹೆಜ್ಜೆ: ತಪಾಸಣೆಯ ಕೋಣೆಯಲ್ಲಿ

ಸಡಿಲ ಬಟ್ಟೆ ಹಾಕಿಕೊಂಡು ಹೋಗಿ. ಹೆಣ್ಣುಮಕ್ಕಳು ಸೀರೆಯ ಒಳಗೆ ಪೈಜಾಮ ತೊಟ್ಟರೆ ಕಾಲು ಮಡಚಿ ನೋಡಲು ಮುಜುಗರವಾಗದು. ಜತೆಗೆ ಮನೆಯ ಒಬ್ಬ ಹೆಣ್ಣುಮಗಳನ್ನು ಕರೆದೊಯ್ಯಿರಿ, ನರ್ಸ್ ಒಬ್ಬರನ್ನು ಕರೆಯಿರೆಂದೂ ಕೇಳಬಹುದು. ಅದು ನಿಮ್ಮ ಹಕ್ಕು. ಮಾತು ಶುರುವಾಗಬೇಕಾದ್ದು ಹೀಗೆ:

"ಸಾಹೇಬ್ರ, ಬಲಗಡಿ ಕುಂಡಿ ಒಳಗ ಬ್ಯಾನಿ ಐತ್ರಿ. ಟೊಂಕದಾಗ ಅಷ್ಟ ಇಲ್ಲ. ಕುಂತರ ಜಾಸ್ತಿ ಆಗತೈತಿ, ಎದ್ದ ಅಡ್ಡ್ಯಾಡಿದ್ರ ಕಡಿಮಿ. ತೊಡಿ ಹಿಂದ ಇಳಿತೈತಿ, ಮೊಣಕಾಲ ತನಾ. ಕೆಮ್ಮಿದ್ರ ಏನೂ ಆಗೂದಿಲ್ರಿ."

ಇಷ್ಟು ಹೇಳಿದರೆ ಅನುಭವಿ ಡಾಕ್ಟರ ಗಮನ ತಾನಾಗಿ ಕುಂಡಿಯ ಕಡೆ ತಿರುಗುತ್ತದೆ. ಆಮೇಲೆ ಅವರು ಮಲಗಿಸಿ ಕಾಲನ್ನು ನೆಟ್ಟಗೆ ಎತ್ತುತ್ತಾರೆ. ಮೂವತ್ತರಿಂದ ಎಪ್ಪತ್ತು ಡಿಗ್ರಿಯೊಳಗೆ ಮೊಣಕಾಲಿನ ಕೆಳಗೂ ಕರೆಂಟ್ ಇಳಿದರೆ ಡಿಸ್ಕ್ ಮೇಲೆ ಅನುಮಾನ ಬಲವಾಗುತ್ತದೆ. ಮೊಣಕಾಲು, ಹಿಮ್ಮಡಿಯ ಹತ್ತಿರ ಸಣ್ಣ ಸುತ್ತಿಗೆಯಿಂದ ಬಡಿದು ನೋಡುತ್ತಾರೆ, ಹೆಬ್ಬೆರಳು ಎತ್ತಿಸುತ್ತಾರೆ. ಪಿರಿಫಾರ್ಮಿಸ್ ನೋವಿನಲ್ಲಿ ಇವೆಲ್ಲ ಸಾಮಾನ್ಯವಾಗಿ ಸರಿಯಾಗಿರುತ್ತವೆ. ಬಳಿಕ ಮೊಣಕಾಲು ಮಡಚಿ, ತೊಡೆಯನ್ನು ಇನ್ನೊಂದು ಬದಿಗೆ ದಾಟಿಸಿ, ಒಳಕ್ಕೆ ತಿರುಗಿಸುವ ಪರೀಕ್ಷೆ. ಇದರಲ್ಲಿ ನಿಮ್ಮ ಅದೇ ನೋವು ಎದ್ದರೆ ಸ್ನಾಯುವಿನ ಕಡೆ ಬೆರಳು ತೋರುತ್ತದೆ. ಚಪ್ಪೆ ಕೀಲನ್ನೂ ತಿರುಗಿಸಿ ನೋಡಬೇಕು.

ನಿಮ್ಮನ್ನು ಮಲಗಿಸದೆ, ಮುಟ್ಟದೆ, ಕೂತಲ್ಲೇ ಎಂಆರ್‌ಐ ಬರೆದುಕೊಟ್ಟರೆ ವಿನಯದಿಂದ ಕೇಳಿ: "ಒಮ್ಮೆ ಚಪ್ಪಿ, ಕುಂಡಿ ಪರೀಕ್ಷಾ ಮಾಡಿ ನೋಡ್ತೀರೇನ್ರಿ ಸಾಹೇಬ್ರ?" ಇದರಲ್ಲಿ ಅವಿಧೇಯತೆ ಏನೂ ಇಲ್ಲ.

ಐದನೇ ಹೆಜ್ಜೆ: ಸ್ಕ್ಯಾನ್ ಯಾವಾಗ

ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ. ನರ, ಡಿಸ್ಕ್, ಸ್ನಾಯು ಕಾಣುವುದಿಲ್ಲ. ಟೊಂಕದ ಎಂಆರ್‌ಐನಲ್ಲಿ ಡಿಸ್ಕ್, ನರಬೇರು ಕಾಣುತ್ತವೆ, ಆದರೆ ಕುಂಡಿಯ ಭಾಗ ಸಾಮಾನ್ಯವಾಗಿ ಅದರ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಪಿರಿಫಾರ್ಮಿಸ್ ನೋಡಬೇಕಿದ್ದರೆ ಸೊಂಟದ ಗೂಡಿನ (ಪೆಲ್ವಿಸ್) ಎಂಆರ್‌ಐ ಎಂದು ಬೇರೆಯಾಗಿ ಬರೆಸಬೇಕು.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಅಂದಾಜಿನಲ್ಲಿ, ಇಪ್ಪತ್ತರ ಹರೆಯದವರಲ್ಲೇ ಶೇ 30 ಮಂದಿಗೆ ಡಿಸ್ಕ್ ಉಬ್ಬು ಇತ್ತು. ಎಂಬತ್ತರ ವಯಸ್ಸಿನವರಲ್ಲಿ ಅದು ಶೇ 84. ಯಾವ ನೋವೂ ಇಲ್ಲದವರು ಇವರು! ಹಾಗಾಗಿ ವರದಿಯಲ್ಲಿ ಉಬ್ಬು ಎಂದಿದ್ದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಎನ್ನಲಾಗದು. ಉಬ್ಬಿರುವ ಬದಿ, ಒತ್ತಿದ ನರಬೇರು, ನಿಮ್ಮ ಹಾಳೆಯ ಮೇಲಿನ ಗೆರೆ ಮೂರೂ ಕೂಡಬೇಕು. ಎಡಕ್ಕೆ ಉಬ್ಬಿದೆ ಎಂದು ವರದಿ, ನೋವು ಬಲಕ್ಕೆ ಇದ್ದರೆ ಅದನ್ನು ಹಿಡಿದು ಕೇಳಲೇಬೇಕು.

ಅಪಾಯದ ಲಕ್ಷಣ ಇದ್ದರೆ ಸ್ಕ್ಯಾನ್ ತಡಮಾಡಬಾರದು. ಇಲ್ಲದಿದ್ದರೆ ಆರು ವಾರ ಸರಿಯಾದ ಚಿಕಿತ್ಸೆ ಮಾಡಿದ ಮೇಲೂ ನೋವು ಇಳಿಯದಿದ್ದಾಗ ತೆಗೆಸುವುದು ಸರಿ. ಪೇಸ್‌ಮೇಕರ್, ದೇಹದೊಳಗೆ ಲೋಹ ಇರುವವರು ಮೊದಲೇ ತಿಳಿಸಬೇಕು. ನರದ ವೇಗ ಅಳೆಯುವ ಪರೀಕ್ಷೆ ಎಲ್ಲರಿಗೂ ಬೇಡ. ಶಕ್ತಿ ಕುಂದಿದ್ದರೆ ನರತಜ್ಞರು ಬರೆಯುತ್ತಾರೆ.

ಆರನೇ ಹೆಜ್ಜೆ: ಆರು ವಾರದ ಕೆಲಸ

ಇಲ್ಲಿಂದ ಮುಂದಿನದು ನಿಮ್ಮ ಕೈಯಲ್ಲೇ ಇದೆ. ಗಾದಿ ಹಿಡಿದು ಮಲಗಬೇಡಿ. ಒಂದೆರಡು ದಿನ ವಿಶ್ರಾಂತಿ ಸರಿ, ಅದಕ್ಕಿಂತ ಹೆಚ್ಚಾದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನೋವು ಏರದಷ್ಟು ದೂರ ನಡೆಯಿರಿ, ದಿನಕ್ಕೆ ಎರಡು ಮೂರು ಸಲ. ಬೆಳಗಾವಿಯವರಿಗೆ ಕೋಟೆಕೆರೆಯ ದಂಡೆ ಇದೆ. ವಿಜಯಪುರದ ಬಿಸಿಲಿಗೆ ಬೆಳಗಿನ ಹೊತ್ತೇ ಲೇಸು. ಬಾದಾಮಿಯ ಗುಹೆ, ಗೋಳಗುಮ್ಮಟದ ಮೆಟ್ಟಿಲು ಸದ್ಯಕ್ಕೆ ಬೇಡ.

ಹಿಗ್ಗಿಸುವ ವ್ಯಾಯಾಮ ಎರಡು. ಮೊದಲನೆಯದು: ಅಂಗಾತ ಮಲಗಿ ಎರಡೂ ಮೊಣಕಾಲು ಮಡಚಿ. ನೋವಿರುವ ಕಾಲಿನ ಪಾದದ ಗಂಟನ್ನು ಇನ್ನೊಂದು ಮೊಣಕಾಲಿನ ಮೇಲಿಡಿ. ಈಗ ಕೆಳಗಿರುವ ತೊಡೆಯನ್ನು ಎರಡೂ ಕೈಯಿಂದ ಹಿಡಿದು ಎದೆಯ ಕಡೆ ಎಳೆದುಕೊಳ್ಳಿ. ಕುಂಡಿಯಲ್ಲಿ ಹಿತವಾದ ಎಳೆತ ಬಂದಲ್ಲಿ ನಿಲ್ಲಿಸಿ, 20ರಿಂದ 30 ಸೆಕೆಂಡ್ ಇರಿ, ಬಿಡಿ. ಮೂರು ಸಲ ಮಾಡಿ. ಎರಡನೆಯದು: ನೋವಿರುವ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಎದುರು ಬದಿಯ ಭುಜದ ಕಡೆಗೆ ನಿಧಾನ ಎಳೆಯಿರಿ, ಲೆಕ್ಕ ಅದೇ. ದಿನಕ್ಕೆ ಎರಡು ಮೂರು ಬಾರಿ. ನೆಲಕ್ಕೆ ಮಲಗಿ ಏಳಲಾಗದ ಹಿರಿಯರು ಕುರ್ಚಿಯಲ್ಲಿ ಕೂತು, ಪಾದದ ಗಂಟನ್ನು ಮೊಣಕಾಲ ಮೇಲಿಟ್ಟು, ಬೆನ್ನು ನೆಟ್ಟಗಿಟ್ಟು ಮುಂದೆ ಬಾಗಿದರೆ ಸಾಕು. ಚಪ್ಪೆ ಕೀಲು ಬದಲಿಸಿಕೊಂಡವರು ಇವನ್ನು ಡಾಕ್ಟರನ್ನು ಕೇಳದೆ ಮಾಡಲೇಬಾರದು, ಕೀಲು ತಪ್ಪುವ ಅಪಾಯವಿದೆ.

ಬರೀ ಹಿಗ್ಗಿಸಿದರೆ ಸಾಲದು. ಕುಂಡಿಯ ದೊಡ್ಡ ಸ್ನಾಯುಗಳು ಸೋತಾಗ ಅವುಗಳ ಹೊರೆಯೂ ಈ ಸಣ್ಣ ಸ್ನಾಯುವಿನ ಮೇಲೆ ಬೀಳುತ್ತದೆ. ಒಂದು ವಾರದ ಮೇಲೆ ನೋವು ಸ್ವಲ್ಪ ಇಳಿದಾಗ ಬಲದ ವ್ಯಾಯಾಮ ಸೇರಿಸಿ. ಪಕ್ಕಕ್ಕೆ ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ಕೂಡಿಸಿಟ್ಟು ಮೇಲಿನ ಮೊಣಕಾಲನ್ನು ಮಾತ್ರ ಎತ್ತಿ ಇಳಿಸಿ, ಹತ್ತು ಸಲ, ಎರಡು ಸುತ್ತು. ಆಮೇಲೆ ಅಂಗಾತ ಮಲಗಿ ಕಾಲು ಮಡಚಿ, ಕುಂಡಿಯನ್ನು ಬಿಗಿ ಮಾಡಿ ನೆಲದಿಂದ ಎತ್ತಿ ಐದು ಎಣಿಸಿ ಇಳಿಸುವುದು, ಅದೂ ಹತ್ತು ಸಲ.

ನೋವನ್ನು ಹೀಗೆ ಓದಿ. ವ್ಯಾಯಾಮದ ನಂತರ ನೋವು ಕಾಲಿನಿಂದ ಮೇಲಕ್ಕೆ ಸರಿದು ಕುಂಡಿಯಲ್ಲೇ ಉಳಿದರೆ ಒಳ್ಳೆಯದು. ಕೆಳಕ್ಕೆ, ಪಾದದ ಕಡೆ ಇಳಿದರೆ, ಜೋಮು ಹೆಚ್ಚಿದರೆ ನಿಲ್ಲಿಸಿ ಫಿಸಿಯೋ ಹತ್ತಿರ ಹೋಗಿ. ಮರುದಿನ ಬೆಳಗ್ಗೆವರೆಗೂ ಉಳಿಯುವ ನೋವು ಬಂದರೆ ಜಾಸ್ತಿ ಆಯಿತೆಂದು ಅರ್ಥ, ಮರುದಿನ ಅರ್ಧ ಮಾಡಿ.

ಶಾಖ ಕೊಡಬಹುದು, 15-20 ನಿಮಿಷ. ಉಪ್ಪಿನ ಗಂಟು, ಬಿಸಿನೀರಿನ ಚೀಲ ಯಾವುದಾದರೂ ಸರಿ, ನಡುವೆ ಬಟ್ಟೆ ಇರಲಿ. ಸಕ್ಕರೆ ಕಾಯಿಲೆಯವರಿಗೆ ಬಿಸಿ ಗೊತ್ತಾಗದೆ ಚರ್ಮ ಸುಟ್ಟುಹೋಗುತ್ತದೆ, ಮನೆಯವರ ಕೈ ಮೊದಲು ಮುಟ್ಟಿ ನೋಡಬೇಕು. ಎಕ್ಕೆ ಎಲೆ ಕಾಯಿಸಿ ಕಟ್ಟುವವರು ಅದರ ಹಾಲು ಕಣ್ಣಿಗೆ ತಾಗದಂತೆ ಜೋಕೆ. ಬರೆ ಹಾಕಿಸುವುದು ಮಾತ್ರ ಬೇಡವೇ ಬೇಡ. ನರ ಒಳಗಿದೆ, ಸುಡುವುದು ಚರ್ಮ, ಉಳಿಯುವುದು ಹುಣ್ಣು. ಆಯುರ್ವೇದದಲ್ಲಿ ಕಾಲಿಗಿಳಿಯುವ ಈ ನೋವಿಗೆ ಗೃಧ್ರಸಿ ಎನ್ನುತ್ತಾರೆ. ಎಣ್ಣೆಯ ಮಾಲೀಶು, ಶಾಖದಿಂದ ಹಿತವಾದರೆ ತೆಗೆದುಕೊಳ್ಳಿ, ಆದರೆ ಓದಿದ ವೈದ್ಯರಲ್ಲಿಗೇ ಹೋಗಿ, ಪಾದದ ಶಕ್ತಿ ಕುಂದಿದ್ದರೆ ಅದನ್ನು ನೆಚ್ಚಿ ಕೂರಬೇಡಿ. ಬೆನ್ನಿನ ಮೇಲೆ ಕಾಲಿಟ್ಟು ತುಳಿಸಿಕೊಳ್ಳುವುದೂ ಬೇಡ.

ಕೆಲಸ ಬಿಡಲಾಗದವರಿಗೆ

ಇಳಕಲ್, ಗುಳೇದಗುಡ್ಡದ ಕುಣಿಮಗ್ಗದಲ್ಲಿ ಕೂತು ನೇಯುವವರು, ಕಬ್ಬಿನ ಹಂಗಾಮಿನಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರ್ ಓಡಿಸುವವರು, ಬಸ್ಸಿನ ಚಾಲಕರು, ಒಂದು ಕಾಲು ಮಡಚಿ ಕೂತು ದಿನಕ್ಕೆ ಐವತ್ತು ನೂರು ರೊಟ್ಟಿ ಬಡಿಯುವ ಅಕ್ಕಂದಿರು, ಇವರಿಗೆ "ಕೂಡಬ್ಯಾಡ್ರಿ" ಎಂದು ಹೇಳಿ ಕಳಿಸಿದರೆ ಏನು ಪ್ರಯೋಜನ? ಮನೆ ನಡೆಯಬೇಕು. ಹಾಗಾಗಿ ಕೂರುವ ರೀತಿಯನ್ನು ಬದಲಿಸಬೇಕು.

ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎದ್ದು ಒಂದೆರಡು ನಿಮಿಷ ನಿಲ್ಲುವುದು ಎಲ್ಲಕ್ಕಿಂತ ಮುಖ್ಯ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಮಗ್ಗದ ಹಲಗೆಯ ಮೇಲೆ ಮಡಚಿದ ಕಂಬಳಿ ಹಾಸಿ, ಎರಡೂ ಕುಂಡಿಯ ಮೇಲೆ ಭಾರ ಸಮನಾಗಿ ಬೀಳುವಂತೆ ಮಾಡಿ. ರೊಟ್ಟಿಯ ಒಲೆಯನ್ನು ಕಟ್ಟೆಯ ಎತ್ತರಕ್ಕೆ ಏರಿಸಿದರೆ ನಿಂತು ಬಡಿಯಬಹುದು. ಆಗದಿದ್ದರೆ ಮಣೆಯನ್ನು ಎತ್ತರ ಮಾಡಿ, ಮಡಚುವ ಕಾಲನ್ನು ಬದಲಿಸುತ್ತಿರಿ. ಟ್ರ್ಯಾಕ್ಟರಿನ ಹರಿದ ಸೀಟು ಒಂದು ಬದಿಗೆ ತಗ್ಗಿದ್ದರೆ ಮೊದಲು ಅದನ್ನು ಹೊಲಿಸಿ. ಗಂಡಸರು ಹಿಂದಿನ ಜೇಬಿನ ಪಾಕೀಟು, ಮೊಬೈಲು ತೆಗೆದು ಮುಂದೆ ಇಟ್ಟುಕೊಳ್ಳಲಿ. ಇಷ್ಟರಿಂದಲೇ ಹಗುರಾದವರಿದ್ದಾರೆ. ಕುಕ್ಕರಗಾಲಿನ ಪಾಯಖಾನೆಗೆ ಕೆಲವು ವಾರ ಕಮೋಡ್ ಕುರ್ಚಿ ಇಟ್ಟುಕೊಳ್ಳಬಹುದು. ಮಲಗುವಾಗ ಪಕ್ಕಕ್ಕಾದರೆ ಮೊಣಕಾಲುಗಳ ನಡುವೆ ದಿಂಬು, ಅಂಗಾತವಾದರೆ ಮೊಣಕಾಲುಗಳ ಕೆಳಗೆ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ.

ಏಳನೇ ಹೆಜ್ಜೆ: ಗುಳಿಗೆ ಮತ್ತು ಸೂಜಿ

ಪ್ಯಾರಾಸಿಟಮಾಲ್‌ನಿಂದ ಸುಧಾರಿಸಿದರೆ ಅಷ್ಟಕ್ಕೇ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಏಸಿಕ್ಲೋಫೆನಾಕ್ ಮೂರೂ ಒಂದೇ ಜಾತಿಯವು. ಎರಡು ಅಂಗಡಿಯ ಎರಡು ಹೆಸರಿನ ಗುಳಿಗೆ ಒಟ್ಟಿಗೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಪೆಟ್ಟು. ಊಟದ ನಂತರ, ಕೆಲವೇ ದಿನ, ಡಾಕ್ಟರ ಮಾತಿನಂತೆ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಹೃದಯದ ಕಾಯಿಲೆ ಇರುವವರು, ಬಸುರಿಯರು ಕೇಳದೆ ಮುಟ್ಟಬಾರದು. ನರದ ಗುಳಿಗೆ ಎಂದು ಕೊಡುವ ಪ್ರಿಗ್ಯಾಬಲಿನ್ 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಯಾಟಿಕಾ ನೋವಿಗೆ ಔಷಧಿಯಿಲ್ಲದ ಹುಸಿಗುಳಿಗೆಗಿಂತ ಹೆಚ್ಚೇನೂ ಉಪಯೋಗ ತೋರಲಿಲ್ಲ. ತಲೆಸುತ್ತು ಮಾತ್ರ ತಂದಿತು. ಈಗಾಗಲೇ ತಿನ್ನುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ಡಾಕ್ಟರನ್ನು ಕೇಳಿ ಇಳಿಸುತ್ತ ಬನ್ನಿ.

ಹೆಸರಿಲ್ಲದ ಪುಡಿ, ಬಿಡಿ ಗುಳಿಗೆ ಎರಡೇ ದಿನದಲ್ಲಿ ನೋವು ಮಾಯ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಇರಬಹುದೆಂದು ಅನುಮಾನಿಸಿ. ಮುಖ ಬಾಯುವುದು, ಸಕ್ಕರೆ ಏರುವುದು, ಎಲುಬು ಟೊಳ್ಳಾಗುವುದು ಅದರ ಬೆಲೆ.

ಇನ್ನು ಸೂಜಿ. ಊರಲ್ಲಿ ನೋವೆಂದರೆ ಕುಂಡಿಗೆ ಒಂದು ಸೂಜಿ ಎಂಬ ರೂಢಿ ಇದೆ. ತಪ್ಪು ಜಾಗಕ್ಕೆ ಚುಚ್ಚಿದರೆ ಅದೇ ಸಯಾಟಿಕ್ ನರಕ್ಕೆ ಗಾಯವಾಗಿ ಪಾದ ಬೀಳುತ್ತದೆ. ಚುಚ್ಚಲೇಬೇಕಾದರೆ ಕುಂಡಿಯ ಮೇಲಿನ ಹೊರ ಕಾಲುಭಾಗದಲ್ಲಿ, ಮಲಗಿದ ಮೇಲೆ. ನಿಂತು, ಸೀರೆ ಅರ್ಧ ಸರಿಸಿ, ಅಂದಾಜಿನ ಮೇಲೆ ಖಂಡಿತ ಬೇಡ. ತೆಳ್ಳಗಿನವರಿಗೆ, ಮಕ್ಕಳಿಗೆ ತೊಡೆಯ ಹೊರಭಾಗ ಲೇಸು. ಸೂಜಿ ಚುಚ್ಚಿದ ಕ್ಷಣವೇ ಕಾಲಿಗೆ ಮಿಂಚು ಇಳಿದರೆ "ತಗೀರಿ" ಎಂದು ಕೂಗಿ. ಪಾದ ಸೋತರೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ.

ಎಂಟನೇ ಹೆಜ್ಜೆ: ಇಷ್ಟೆಲ್ಲ ಆದ ಮೇಲೂ ಇಳಿಯದಿದ್ದರೆ

ಆರರಿಂದ ಹನ್ನೆರಡು ವಾರದಲ್ಲಿ ಬಹಳಷ್ಟು ಸಯಾಟಿಕಾ ನೋವು, ಡಿಸ್ಕ್‌ನದು ಸೇರಿ, ಶಸ್ತ್ರಚಿಕಿತ್ಸೆ ಇಲ್ಲದೆ ಇಳಿಯುತ್ತದೆ. ಇಳಿಯದಿದ್ದರೆ ಸ್ನಾಯುವಿಗೇ ಮರಗಟ್ಟಿಸುವ ಔಷಧಿ, ಕೆಲವೊಮ್ಮೆ ಜತೆಗೆ ಸ್ಟಿರಾಯ್ಡ್ ಚುಚ್ಚುತ್ತಾರೆ. ಇದು ಮೇಲೆ ಹೇಳಿದ ಕುರುಡು ಸೂಜಿಯಲ್ಲ; ಅಲ್ಟ್ರಾಸೌಂಡ್ ಅಥವಾ ಎಕ್ಸ್‌ರೇ ಪರದೆಯಲ್ಲಿ ನರ ನೋಡುತ್ತ ಹಾಕುವಂಥದು. ಅರಿವಳಿಕೆ ವಿಭಾಗದ ನೋವು ಚಿಕಿತ್ಸಾ ತಜ್ಞರು ಸಾಮಾನ್ಯವಾಗಿ ಇದನ್ನು ಮಾಡುತ್ತಾರೆ. "ಸ್ಕ್ಯಾನ್ ನೋಡಕೋಂತ ಹಾಕ್ತೀರೇನ್ರಿ?" ಎಂದು ಕೇಳಿ, ಹೌದೆಂದರೆ ಮಾತ್ರ ಒಪ್ಪಿ. ನೋವು ಆಗಲೇ ಇಳಿದರೆ ರೋಗ ಯಾವುದೆಂಬುದಕ್ಕೂ ಅದು ಒಂದು ಪುರಾವೆ. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು ಮುಂಚೆಯೇ ಹೇಳಬೇಕು. ಸ್ಟಿರಾಯ್ಡ್ ಹಾಕಿದ್ದರೆ ಸಕ್ಕರೆ ಕೆಲವು ದಿನ ಏರುತ್ತದೆ. ಕಾಲು ಕೆಲವು ತಾಸು ಜೋಮು ಹಿಡಿದು ಸೋಲಬಹುದು, ಅಂದು ಬೈಕ್ ಓಡಿಸಬೇಡಿ, ಜತೆಗೊಬ್ಬರಿರಲಿ. ಹಗುರಾದ ಆ ವಾರಗಳಲ್ಲೇ ವ್ಯಾಯಾಮ ಬಿಗಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ನೋವು ಮರಳುತ್ತದೆ. ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದು ದೊಡ್ಡ ಊರುಗಳಲ್ಲಿ ಆಯ್ದ ಕೆಲವರಿಗೆ ಕೊಡುತ್ತಾರೆ, ದುಬಾರಿ. ಸ್ನಾಯು ಕತ್ತರಿಸಿ ನರ ಬಿಡಿಸುವ ಶಸ್ತ್ರಚಿಕಿತ್ಸೆ ಅಪರೂಪದವರಿಗೆ. ಮೊದಲ ಭೇಟಿಯಲ್ಲೇ ಅದರ ಮಾತು ಬಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ತೆಗೆದುಕೊಳ್ಳಿ.

ರೊಕ್ಕದ ವಿಚಾರ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆದರೆ ಅದು ಮುಖ್ಯವಾಗಿ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಗೆ. ಹೊರರೋಗಿಯಾಗಿ ತೋರಿಸುವುದು, ಫಿಸಿಯೋಗೆ ದಿನಾ ಹೋಗುವುದು ಕೈಯಿಂದಲೇ ಆಗುತ್ತದೆ ಎಂದುಕೊಂಡು ಲೆಕ್ಕ ಹಾಕಿ. ಇದಕ್ಕೇ ಫಿಸಿಯೋಗೆ ಮೊದಲ ದಿನವೇ ಹೇಳಿ: "ನಮಗ ದಿನಾ ಬರಾಕ ಆಗೂದಿಲ್ರಿ. ಮನ್ಯಾಗ ಮಾಡೂದು ಕಲಿಸ್ರಿ, ವಾರಕ್ಕೊಮ್ಮೆ ಬಂದು ತೋರಸ್ತೇವಿ." ವ್ಯಾಯಾಮವನ್ನು ನಿಮ್ಮ ಫೋನಿನಲ್ಲಿ ವಿಡಿಯೋ ಮಾಡಿಸಿಕೊಳ್ಳಿ. ತುರ್ತಲ್ಲದ ಒಳರೋಗಿ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರುವ ಮುಂಚೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ರೇಷನ್ ಕಾರ್ಡ್, ಆಧಾರ್ ಎರಡೂ ಕೈಯಲ್ಲಿರಲಿ. ಸಹಕಾರ ಸಂಘದ ಸದಸ್ಯರು ತಮ್ಮ ಯಶಸ್ವಿನಿ ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ಸಂಘದಲ್ಲಿ ವಿಚಾರಿಸಿ. ಯಾವುದು ಎಲ್ಲಿ ಸಿಗುತ್ತದೆ ಎಂಬ ಗೊಂದಲವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕೇಳಬಹುದು.

ಎರಡನೇ ಭೇಟಿಗೆ ಹೋಗುವಾಗ ಆ ಹಾಳೆಯ ಹಿಂಬದಿಯಲ್ಲಿ ಮೂರು ಸಂಗತಿ ಬರೆದೊಯ್ಯಿರಿ: ಈಗ ಎಷ್ಟು ಹೊತ್ತು ಕೂರಲು ಆಗುತ್ತದೆ, ಎಷ್ಟು ದೂರ ನಡೆಯಲು ಆಗುತ್ತದೆ, ನೋವು ಮೊದಲಿಗಿಂತ ಮೇಲಕ್ಕೆ ಸರಿದಿದೆಯೋ ಕೆಳಕ್ಕೋ. ಹಳೆಯ ಚೀಟಿ, ಸ್ಕ್ಯಾನಿನ ಸಿಡಿ, ಖಾಲಿ ಗುಳಿಗೆಯ ಪಟ್ಟಿ ಎಲ್ಲ ಒಂದೇ ಚೀಲದಲ್ಲಿ ಹಾಕಿಡಿ.